ನೋಡದ ಊರಿನ ನೀರಿನ ಮಟ್ಟ

ಮಂಗಳೂರನ್ನು ನಾನು ಮೊದಲು ಕಂಡದ್ದು ಶಿಕಾಗೊದ ಒಂದು ಲೈಬ್ರರಿಯ ನೆಲಮಾಳಿಗೆಯಲ್ಲಿ. ಮೈಸೂರಿನಲ್ಲಿ ಹುಟ್ಟಿ ಬೆಳೆದವನಿಗೆ ಅದು ನೂರೈವತ್ತು ಮೈಲಿಯ ಊರು. ಘಟ್ಟ ಇಳಿದರೆ ಸಿಕ್ಕಿಬಿಡುತ್ತಿತ್ತು, ಇಳಿದಿರಲಿಲ್ಲ. ಈಗ ಭೂಮಿಯ ಇನ್ನೊಂದು ಮಗ್ಗುಲಿಗೆ ಬಂದು, ಹಳೆಯ ಗೆಜೆಟಿಯರುಗಳ ಧೂಳು ಕೊಡವುತ್ತ, ಆ ಊರಿನ ಬಗ್ಗೆ ಕದ್ದು ಓದುತ್ತಿದ್ದೆ. ಕದ್ದು ಯಾಕೆಂದರೆ, ಅದು ನನಗೆ ಚೆನ್ನಾಗಿ ಗೊತ್ತಿರುವ ಊರು ಎಂದು ಕಚೇರಿಯಲ್ಲಿ ಹೇಳಿಯಾಗಿತ್ತು.

ಎಪ್ಪತ್ತರ ದಶಕದ ನಡುಭಾಗ. ನಮ್ಮದು ಸಣ್ಣ ಎಂಜಿನಿಯರಿಂಗ್ ಕಚೇರಿ. ಮಿಶಿಗನ್ ಸರೋವರದ ದಂಡೆಯುದ್ದಕ್ಕೂ ದೋಣಿಕಟ್ಟೆಗಳ ವಿನ್ಯಾಸ ಮಾಡಿ ಹೆಸರು ಮಾಡಿದ್ದರು. ಒಂದು ಬೆಳಿಗ್ಗೆ ಚೀಫ್ ಎಂಜಿನಿಯರ್ ನನ್ನನ್ನು ಕರೆದು ಒಂದು ಕಡತ ಮುಂದಿಟ್ಟರು. ಮಂಗಳೂರಿನ ಹೊಸ ಬಂದರಿನ ಪಕ್ಕ ಏಳುತ್ತಿರುವ ಒಂದು ಕಾರ್ಖಾನೆಗೆ ತೇಲುವ ಕಟ್ಟೆ ಬೇಕಾಗಿದೆ, ನೀನು ಆ ಕಡೆಯವನೇ ಅಲ್ಲವೇ ಎಂದು ಕೇಳಿದರು. ನಮ್ಮ ರಾಜ್ಯವೇ ಎಂದೆ. ಅಷ್ಟಕ್ಕೇ ಬಾಯಿ ಮುಚ್ಚಬೇಕಿತ್ತು. ಆದರೆ ಹಿಂದಿನ ತಿಂಗಳಷ್ಟೇ ನಮ್ಮ ಸಾಲಿನಲ್ಲಿ ಎರಡು ಮೇಜು ಖಾಲಿಯಾಗಿದ್ದವು. ನನ್ನ ಗ್ರೀನ್ ಕಾರ್ಡಿನ ಅರ್ಜಿ ಈ ಕಚೇರಿಯ ಪತ್ರದ ಮೇಲೆ ನಿಂತಿತ್ತು. ಮೊದಲಿಂದಲೂ ನಾನು ಪುಕ್ಕಲ, ಮೂರನೆಯ ಮೇಜು ನನ್ನದೇ ಎಂದು ದಿನಾ ಹೆದರುತ್ತಿದ್ದೆ. ಆ ಭಯದಲ್ಲಿ, ಆ ಬಂದರು ನನಗೆ ಚೆನ್ನಾಗಿ ಗೊತ್ತು ಎಂದು ಸೇರಿಸಿಬಿಟ್ಟೆ. ಚೀಫ್ ಸಂತೋಷಪಟ್ಟು, ಹಾಗಾದರೆ ವರದಿಯ ಮೊದಲ ಅಧ್ಯಾಯವಾಗಿ ಊರಿನ ಇತಿಹಾಸವನ್ನೂ ನೀನೇ ಬರೆ ಎಂದರು.

ಬರೆದೆ. ನೇತ್ರಾವತಿ, ಗುರುಪುರ ಎರಡೂ ನದಿಗಳು ಮರಳುದಂಡೆಯ ಹಿಂದೆ ಕೂಡಿ ಸಮುದ್ರ ಸೇರುವ ಬಾಯಿ. ಅಲ್ಲಿಂದ ಅಕ್ಕಿ, ಕರಿಮೆಣಸು ಅರಬರ ನಾಡಿಗೆ ಹೋಗುತ್ತಿತ್ತು. ಪೋರ್ಚುಗೀಸರು, ಕೆಳದಿಯವರು, ಹೈದರ್, ಟಿಪ್ಪು, ಇಂಗ್ಲಿಷರು, ಎಲ್ಲರಿಗೂ ಆ ನದಿಬಾಯಿ ಬೇಕಾಗಿತ್ತು. ಆಮೇಲೆ ಹೆಂಚು ಬಂತು, ಕಾಫಿ ಬಂತು, ಗೋಡಂಬಿ ಬಂತು. ಆದರೆ ಮರಳು ತುಂಬಿದ ಆ ಬಾಯೊಳಗೆ ದೊಡ್ಡ ಹಡಗು ನುಗ್ಗುವಂತಿರಲಿಲ್ಲ. ಅದು ಮೈಲಿಗಟ್ಟಲೆ ಆಚೆ ನಿಲ್ಲಬೇಕು, ಸರಕು ದೋಣಿಯಲ್ಲಿ ಹೋಗಬೇಕು. ಮಳೆಗಾಲ ಬಂದರೆ ಅದೂ ಬಂದ್. ಕೊನೆಗೆ ಊರಿನ ಉತ್ತರಕ್ಕೆ ಪಣಂಬೂರಿನಲ್ಲಿ ಕಡಲತೀರದ ಹಿಂದಿನ ನೆಲವನ್ನೇ ಅಗೆದು, ಸಮುದ್ರವನ್ನು ಒಳಕ್ಕೆ ಕರೆದು ಹೊಸ ಬಂದರು ಮಾಡಿದರು. ಇಷ್ಟನ್ನೂ ಬರೆದು ಮುಗಿಸುವ ಹೊತ್ತಿಗೆ ನನಗೆ ಆ ಊರು ನಿಜವಾಗಿಯೂ ಗೊತ್ತು ಅನ್ನಿಸಿಬಿಟ್ಟಿತ್ತು. ಓದಿದ್ದನ್ನು ಕಂಡದ್ದು ಎಂದುಕೊಳ್ಳುವ ಕಾಯಿಲೆ ನಮ್ಮ ಮೈಸೂರಿನವರಿಗೆ ಸ್ವಲ್ಪ ಜಾಸ್ತಿ. ಅಸಲಿಗೆ ನಾನು ಸಮುದ್ರ ಅಂತ ನೋಡಿದ್ದು ಬೊಂಬಾಯಿಯಿಂದ ಹಾರಿದ ವಿಮಾನದ ಕಿಟಕಿಯಲ್ಲಿ, ಒಂದೇ ಸಲ.

ತೇಲುವ ಕಟ್ಟೆ ಎಂದರೆ ಕಷ್ಟದ ವಸ್ತುವೇನಲ್ಲ. ಉಕ್ಕಿನ ದೊಡ್ಡ ಪೆಟ್ಟಿಗೆ, ನೀರಿನ ಮೇಲೆ ತೇಲುತ್ತಿರುತ್ತದೆ. ಸಣ್ಣ ದೋಣಿಗಳಿಂದ ಕೂಲಿಗಳು ಅದರ ಮೇಲೆ ಇಳಿದು, ಅಲ್ಲಿಂದ ಓರೆಯಾದ ಕಾಲುಸೇತುವೆ ಹತ್ತಿ ದಡಕ್ಕೆ ಹೋಗುತ್ತಾರೆ. ಪೆಟ್ಟಿಗೆ ತೇಲಿಹೋಗದಂತೆ ನಾಲ್ಕು ಮೂಲೆಯಲ್ಲೂ ಉಕ್ಕಿನ ಕೊಳವೆಯ ಕಂಬಗಳನ್ನು ನೆಲಕ್ಕೆ ಹೊಡೆದಿರುತ್ತಾರೆ. ಪೆಟ್ಟಿಗೆಗೆ ಬೆಸೆದ ಕಬ್ಬಿಣದ ಬಳೆಗಳು ಆ ಕಂಬಗಳನ್ನು ಸುತ್ತಿಕೊಂಡಿರುತ್ತವೆ. ನೀರು ಏರಿದರೆ ಬಳೆಯೂ ಕಂಬದ ಮೇಲೆ ಏರುತ್ತದೆ, ಇಳಿದರೆ ಇಳಿಯುತ್ತದೆ. ಇರುವುದು ಒಂದೇ ಎಚ್ಚರ. ನೀರು ಎಷ್ಟೇ ಏರಿದರೂ ಕಂಬದ ತುದಿ ಬಳೆಗಿಂತ ಮೇಲಿರಬೇಕು. ಬಳೆ ಕಂಬ ದಾಟಿ ಕಳಚಿಕೊಂಡರೆ ಕಟ್ಟೆಗೆ ಹಿಡಿತವೇ ಇಲ್ಲ, ಅದರ ಮೇಲಿರುವ ಜನಕ್ಕೂ ಇಲ್ಲ.

ಭಾರತದಿಂದ ಬಂದ ನಕ್ಷೆಯಲ್ಲಿ ನೀರಿನ ಏರಿಳಿತ ಸುಮಾರು ಐದು ಅಡಿ ಎಂದಿತ್ತು. ನಮ್ಮ ಕಚೇರಿಯ ಪದ್ಧತಿ ಹೇಗೆಂದರೆ, ಹಾಳೆಯ ನಡುವೆ ಸೊನ್ನೆಯ ಗೆರೆ ಎಳೆಯುವುದು, ಅದೇ ನೀರು. ಸರೋವರಕ್ಕೆ ಉಬ್ಬರವಿಲ್ಲ, ಇಳಿತವಿಲ್ಲ. ಗಾಳಿಗೆ ನೀರು ಮೇಲೆ ಸ್ವಲ್ಪ, ಕೆಳಗೆ ಸ್ವಲ್ಪ ಆಡುತ್ತದೆ. ನಾನೂ ಅದೇ ಪದ್ಧತಿಯಲ್ಲಿ ಐದು ಅಡಿಯನ್ನು ಅರ್ಧ ಮಾಡಿ, ಸೊನ್ನೆಯಿಂದ ಮೇಲೆ ಎರಡೂವರೆ, ಕೆಳಗೆ ಎರಡೂವರೆ ಎಂದು ಹಂಚಿದೆ. ಅತಿ ಎತ್ತರದ ನೀರಿನಲ್ಲೂ ಬಳೆಯ ಮೇಲೆ ಮೂರು ಅಡಿ ಕಂಬ ಉಳಿಯುವಂತೆ ತುದಿ ಗುರುತು ಮಾಡಿದೆ. ಹಾಳೆಯ ಮೂಲೆಯಲ್ಲಿ ಒಂದು ಚೌಕವಿತ್ತು: ಸ್ಥಳದ ಪರಿಸ್ಥಿತಿ ಬಲ್ಲವರು ಖಚಿತಪಡಿಸಿದ್ದಾರೆ. ಚೀಫ್ ಅದರ ಮೇಲೆ ಬೆರಳಿಟ್ಟು ಇದು ನಿನ್ನದೇ ಎಂದರು. ನಾನು ನನ್ನ ಇನಿಷಿಯಲ್ ಹಾಕಿದೆ. ಆ ಚೌಕದಲ್ಲಿ ಸಹಿ ಇದ್ದರೆ ಆ ಅಂಕಿಯನ್ನು ಮತ್ತೆ ಯಾರೂ ನೋಡುವುದಿಲ್ಲ. ನೋಡಲೂ ಇಲ್ಲ.

ನಕ್ಷೆ ಡೆಟ್ರಾಯ್ಟಿನ ನದಿದಂಡೆಯ ಒಂದು ಉಕ್ಕಿನ ಕಾರ್ಖಾನೆಗೆ ಹೋಯಿತು. ಚಳಿಗಾಲಕ್ಕೆ ಸರೋವರಗಳ ಹಡಗುದಾರಿ ಮುಚ್ಚುವ ಮೊದಲು ಅಲ್ಲಿಂದ ಸಾಮಾನು ಹೊರಡಬೇಕಿತ್ತು. ನವೆಂಬರಿನಲ್ಲಿ ದಿನ ಗೊತ್ತಾಯಿತು. ಒಂದು ಶುಕ್ರವಾರ ಹಡಗು.

ಆ ಶುಕ್ರವಾರಕ್ಕೆ ಮೊದಲಿನ ಭಾನುವಾರ ವೆಸ್ಟ್‌ಮಂಟಿನಲ್ಲಿ ಒಬ್ಬ ಡಾಕ್ಟರ ಮನೆಯಲ್ಲಿ ದೀಪಾವಳಿಯ ಊಟ. ಶಿಕಾಗೊ ಸುತ್ತ ಕನ್ನಡದ ಮನೆಗಳೇ ಆಗ ಬೆರಳೆಣಿಕೆ, ಎಲ್ಲರೂ ಸೇರಿದ್ದೆವು. ಡಾಕ್ಟರ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಮಂಗಳೂರಿನ ನರ್ಸ್ ಒಬ್ಬರು ಬಂದಿದ್ದರು. ಕ್ರೈಸ್ತರು, ದೀಪಾವಳಿಗಿಂತ ಹೆಚ್ಚಾಗಿ ಕನ್ನಡ ಮಾತಾಡುವ ಆಸೆಗೆ ಬರುತ್ತಿದ್ದರು. ಬಿಸಿಬೇಳೆಭಾತಿನ ತಟ್ಟೆ ಹಿಡಿದು ನಾನು ಅವರ ಮುಂದೆ ನನ್ನ ಅಧ್ಯಾಯದ ಪಾಂಡಿತ್ಯ ಬಿಚ್ಚಿದೆ. ಹಳೆ ಬಂದರು, ಹೆಂಚು, ಹೈದರಾಲಿ ಎಂದೆಲ್ಲ ಹೇಳಿದೆ. ಅವರು ನಗುತ್ತ ಕೇಳಿಸಿಕೊಂಡರು. ಅವರ ತಂದೆ ಹಳೆ ಬಂದರಿನಲ್ಲಿ ನೀರಿನ ಮಟ್ಟ ಬರೆದಿಡುವ ಕೆಲಸದಲ್ಲಿದ್ದರಂತೆ. ನೀರಿನಲ್ಲಿ ನೆಟ್ಟ ಒಂದು ಅಳತೆಯ ಹಲಗೆ, ಅದನ್ನು ದಿನಕ್ಕೆ ಇಷ್ಟು ಸಲ ಅಂತ ನೋಡಿ ಪುಸ್ತಕದಲ್ಲಿ ಬರೆಯುವುದು. ಇವರು ಶಾಲೆ ಬಿಟ್ಟ ಮೇಲೆ ಅಪ್ಪನಿಗೆ ಗಂಜಿಯೂಟ ಒಯ್ದು, ಅಲ್ಲೇ ಕೂತು ಮಂಜಿಗಳನ್ನು, ಎಂದರೆ ಸರಕಿನ ದೊಡ್ಡ ದೋಣಿಗಳನ್ನು ನೋಡುತ್ತಿದ್ದರಂತೆ. ನೀರು ಹಲಗೆಯಲ್ಲಿ ಎರಡಡಿ ದಾಟಿತು, ಮೂರು ದಾಟಿತು ಎಂದು ಅಪ್ಪ ಕೂಗಿದ ಮೇಲೆಯೇ ಮಂಜಿಗಳು ಮರಳುದಿಣ್ಣೆ ದಾಟಿ ಒಳಗೆ ಬರುತ್ತಿದ್ದವಂತೆ.

ಬುದ್ಧಿವಂತನ ಹಾಗೆ ನಾನು ಕೇಳಿದೆ, ಸೊನ್ನೆಯಿಂದ ಕೆಳಗೆ ಹೋದಾಗ ಏನು ಬರೆಯುತ್ತಿದ್ದರು ಅಂತ.

“ಅದೆಂತ ಕೇಳುವುದು ನೀವು? ಸೊನ್ನೆಯಿಂದ ಕೆಳಗೆ ನೀರು ಹೋಗ್ಲಿಕ್ಕೆ ಇಲ್ಲ ಮಾರಾಯ್ರೆ. ಸೊನ್ನೆ ಅಂದ್ರೆ ಇನ್ನು ಇಳಿಯುವುದಿಲ್ಲ ಅಂತ. ಅಲ್ಲಿಂದ ಮೇಲೆಯೇ ಎಲ್ಲ.”

ಚಮಚ ತಟ್ಟೆಯಲ್ಲೇ ನಿಂತಿತು. ಅವರು ಇನ್ನೇನೋ ಹೇಳುತ್ತಿದ್ದರು, ನನಗೆ ಕೇಳಿಸಲಿಲ್ಲ. ಭಾರತದ ನಕ್ಷೆಯ ಅಡಿಯಲ್ಲಿ ಸಣ್ಣ ಅಕ್ಷರದ ಒಂದು ಸಾಲಿತ್ತು, ಮಟ್ಟಗಳೆಲ್ಲ ಚಾರ್ಟ್ ಡೇಟಂನಿಂದ ಅಂತ. ನೂರು ಸಲ ಕಣ್ಣಿಗೆ ಬಿದ್ದಿದ್ದ ಸಾಲು. ಸಮುದ್ರ ಅತಿ ಕೆಳಗೆ ಇಳಿದಾಗಿನ ಮಟ್ಟವೇ ಅವರ ಸೊನ್ನೆ. ಅಂದರೆ ಐದು ಅಡಿಯೂ ಆ ಸೊನ್ನೆಯ ಮೇಲೆಯೇ ಏರುತ್ತದೆ. ಅದರಲ್ಲಿ ಅರ್ಧವನ್ನು ನಾನು ಕೆಳಗೆ ಹಾಕಿ ಕೂತಿದ್ದೆ.

ನನಗೆ ಹೊಟ್ಟೆನೋವು ಎಂದು ಹೇಳಿ ಹೆಂಡತಿಯನ್ನು ಊಟದ ನಡುವೆಯೇ ಎಬ್ಬಿಸಿಕೊಂಡು ಬಂದೆ. ಮನೆಯ ಊಟದ ಮೇಜಿನ ಮೇಲೆ ನಕ್ಷೆಯ ಪ್ರತಿ ಹರಡಿ, ಮಧ್ಯಾಹ್ನವೆಲ್ಲ ಒಂದೇ ಲೆಕ್ಕವನ್ನು ನಾಲ್ಕು ಸಲ ಮಾಡಿದೆ. ನಾಲ್ಕು ಸಲವೂ ಅದೇ ಉತ್ತರ. ಮೂರು ಅಡಿ ಉಳಿಯಬೇಕಾದಲ್ಲಿ ಉಳಿಯುವುದು ಅರ್ಧ ಅಡಿ. ಮಳೆಗಾಲದ ಅಲೆಗೆ ಅರ್ಧ ಅಡಿ ಯಾವ ಲೆಕ್ಕ? ಅದು ಬಂದರಿನೊಳಗಿನ ನೀರು, ಅಷ್ಟು ಅಲೆ ಇರುವುದಿಲ್ಲ ಎಂದು ಒಂದು ಮನಸ್ಸು ಹೇಳಿತು. ಅದು ನನ್ನನ್ನು ಉಳಿಸಿಕೊಳ್ಳಲು ಹೇಳುತ್ತಿದೆ ಎಂದು ಇನ್ನೊಂದಕ್ಕೆ ಗೊತ್ತಿತ್ತು. ಬಳೆ ಕಳಚುವುದು, ಕಟ್ಟೆ ಓರೆಯಾಗುವುದು, ಮೇಲಿದ್ದವರು ಜಾರುವುದು ಕಣ್ಣಿಗೆ ಕಟ್ಟಿತು. ಹೊಟ್ಟೆನೋವು ನಿಜವಾಗಿಯೂ ಶುರುವಾಯಿತು.

ಸೋಮವಾರ ಕಚೇರಿಗೆ ಹೋದರೆ ಚೀಫ್ ಇಲ್ಲ. ಕಂಬಗಳನ್ನು ಕೊನೆಯ ಸಲ ಪರೀಕ್ಷೆ ಮಾಡಲು ಡೆಟ್ರಾಯ್ಟಿಗೆ ಹೋಗಿದ್ದರು. ಅವರ ಮಾತಿಲ್ಲದೆ ಆ ಕಾರ್ಖಾನೆಯಲ್ಲಿ ಯಾರೂ ಒಂದು ಬೋಲ್ಟನ್ನೂ ಮುಟ್ಟುವುದಿಲ್ಲ. ಫೋನ್ ಮಾಡಬೇಕು. ಬೆಳಿಗ್ಗೆ ಮೂರು ಸಲ ರಿಸೀವರ್ ಎತ್ತಿ ಇಟ್ಟೆ. ಮಧ್ಯಾಹ್ನ ಲೈನ್ ಸಿಕ್ಕಿತು. ಅಂಗಳದಿಂದ ಕರೆಸಿದ್ದಕ್ಕೆ ಚೀಫ್ ಏದುಸಿರಿನಲ್ಲಿ ಏನು ಎಂದು ಕೇಳಿದರು. ಬಾಯಿಂದ ಬಂದ ಮಾತು ಯಾವುದು ಅಂದುಕೊಂಡಿರಿ? ಕಂಬಗಳ ಬಣ್ಣ ಒಣಗಿದೆಯೇ ಎಂದು ಕೇಳಿದೆ. ಒಣಗಿದೆ, ಇದಕ್ಕೆ ಕರೆದೆಯಾ ಎಂದರು. ಹೌದು ಎಂದು ಇಟ್ಟೆ. ಅಷ್ಟು ಅವಮಾನ ನನಗೆ ನಾನೇ ಯಾವತ್ತೂ ಮಾಡಿಕೊಂಡಿರಲಿಲ್ಲ.

ಸಂಜೆ ಹೆಂಡತಿಗೆ ಎಲ್ಲ ಹೇಳಿದೆ. ಬಣ್ಣದ ವಿಷಯವನ್ನೂ ಬಿಡಲಿಲ್ಲ. ಕೆಲಸ ಹೋದರೆ ಕಾಗದಪತ್ರವೂ ಹೋಗುತ್ತದೆ, ವಾಪಸು ಹೊರಡಬೇಕಾಗಬಹುದು ಎಂದೆ. ನಾಳೆ ಬೆಳಿಗ್ಗೆ ಮತ್ತೆ ಫೋನ್ ಮಾಡುತ್ತೇನೆ ಎಂದಾಗ ಅವಳು ತಲೆ ಅಲ್ಲಾಡಿಸಿದಳು.

“ಫೋನಲ್ಲಿ ನಿಮ್ಮ ಕೈಲಿ ಆಗಲ್ಲ ಬಿಡಿ. ಹೋಗಿ ಎದುರಿಗೆ ನಿಂತ್ಕೊಳ್ಳಿ. ಎದುರಿಗೆ ನಿಂತ್ರೆ ನಿಮಗೆ ಸುಳ್ಳು ಹೇಳಕ್ಕೆ ಇನ್ನೂ ಜಾಸ್ತಿ ಭಯ.”

ನನ್ನನ್ನು ಬಲ್ಲವಳು. ಮಂಗಳವಾರ ಬೆಳಿಗ್ಗೆ ಹಳೆಯ ಕಾರು ತೆಗೆದೆ. ಡೆಟ್ರಾಯ್ಟಿಗೆ ಇನ್ನೂರೆಂಬತ್ತು ಮೈಲಿ. ಹೈವೇಯಲ್ಲಿ ಅಷ್ಟು ದೂರ ಒಬ್ಬನೇ ಡ್ರೈವ್ ಮಾಡಿರಲಿಲ್ಲ. ಸರೋವರದ ತುದಿ ಸುತ್ತಿ ಮಿಶಿಗನ್ ಮುಟ್ಟುತ್ತಿದ್ದಂತೆ ಹಿಮ ಶುರುವಾಯಿತು. ಮುಂದಿನ ಲಾರಿಯ ಕೆಂಪು ದೀಪ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಸ್ಟೀರಿಂಗ್ ಹಿಡಿದ ಬೆರಳು ಮರಗಟ್ಟಿದವು. ಪ್ರತಿ ಎಕ್ಸಿಟ್ ಬಂದಾಗಲೂ ಇಲ್ಲೇ ತಿರುಗಿ ಹೋಗಿಬಿಡೋಣ, ಹಿಮ ಜಾಸ್ತಿ ಇತ್ತು ಅಂದರೆ ಯಾರು ಕೇಳುತ್ತಾರೆ ಅನ್ನಿಸುತ್ತಿತ್ತು. ಅರ್ಧ ದಾರಿಯ ಕಲಮಜೂ ಊರಿನ ಹತ್ತಿರ ನಿಜವಾಗಿಯೂ ಹೈವೇ ಇಳಿದೆ. ಪೆಟ್ರೋಲ್ ಬಂಕಿನಲ್ಲಿ ನಿಂತು ಕಾಫಿ ಕುಡಿದೆ. ರಸ್ತೆಗೆ ಮತ್ತೆ ಹತ್ತಿದಾಗ ಕಾರು ಪೂರ್ವಕ್ಕೇ ತಿರುಗಿತ್ತು. ಧೈರ್ಯ ಬಂತು ಅಂತಲ್ಲ. ವಾಪಸು ಹೋಗಿ ಹೆಂಡತಿಗೆ ಏನು ಹೇಳುವುದು ಎನ್ನುವ ಭಯ ಇನ್ನೂ ದೊಡ್ಡದಿತ್ತು.

ಡೆಟ್ರಾಯ್ಟಿನ ಗಡಿಯಾರ ಒಂದು ಗಂಟೆ ಮುಂದೆ ಎಂಬುದೂ ಮರೆತಿತ್ತು. ತಲುಪಿದಾಗ ಮಧ್ಯಾಹ್ನ ಎರಡು. ಅಂಗಳದಲ್ಲಿ ನಾಲ್ಕು ಕಂಬಗಳು ಕಪ್ಪು ಡಾಂಬರು ಬಣ್ಣ ಬಳಿದುಕೊಂಡು ಮಲಗಿದ್ದವು. ಅಷ್ಟು ಉದ್ದ ಇರುತ್ತವೆ ಎಂದು ನಾನು ಅಂದುಕೊಂಡಿರಲಿಲ್ಲ. ಇಷ್ಟು ಉದ್ದದ್ದು ಸಾಲದೇ ಎಂದು ಆ ಹೊತ್ತಿನಲ್ಲೂ ಮನಸ್ಸು ಒಂದು ಸಲ ಕೇಳಿತು. ಚೀಫ್ ಮತ್ತು ಕಾರ್ಖಾನೆಯ ಫೋರ್ಮನ್ ಕಂಬಗಳ ಆಚೆ ನಿಂತು ಸಾಗಣೆಯ ಕಾಗದ ನೋಡುತ್ತಿದ್ದರು. ನನ್ನನ್ನು ಕಂಡು ಚೀಫ್ ಮುಖ ಬಿಳುಚಿತು. ಮನೆಯಲ್ಲಿ ಏನಾದರೂ ಆಯಿತೇ ಎಂದು ಕೇಳಿದರು.

ಕಂಬಗಳು ಗಿಡ್ಡ ಎಂದೆ. ಒಂದೇ ಉಸಿರಿನಲ್ಲಿ ಹೇಳಿದೆ, ಸೊನ್ನೆ ನಡುವಿನದಲ್ಲ, ಅತಿ ಕೆಳಗಿನದು, ಎರಡೂವರೆ ಅಡಿ ಕಡಿಮೆ, ಮಳೆಗಾಲದಲ್ಲಿ ಬಳೆ ಹೊರಗೆ ಬರುತ್ತದೆ ಅಂತ. ನಕ್ಷೆಯನ್ನು ಕಾರಿನ ಬಾನೆಟ್ಟಿನ ಮೇಲೆ ಹರಡಿದೆ. ಹಿಮ ಬಿದ್ದು ಗೆರೆಗಳು ಒದ್ದೆಯಾಗುತ್ತಿದ್ದವು. ಚೀಫ್ ಬಗ್ಗಿ ಆ ಸಣ್ಣ ಅಕ್ಷರದ ಸಾಲು ಓದಿದರು, ಮತ್ತೊಮ್ಮೆ ಓದಿದರು. ಆಮೇಲೆ ಅವರ ಬೆರಳು ಮೂಲೆಯ ಚೌಕಕ್ಕೆ ಹೋಯಿತು. ಈ ಊರು ಚೆನ್ನಾಗಿ ಗೊತ್ತು ಎಂದಿದ್ದೆಯಲ್ಲ ಎಂದು ಕೇಳಿದರು. ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಸುಲಭವಾಗುತ್ತಿತ್ತು.

“ನಾನು ಆ ಊರು ನೋಡೇ ಇಲ್ಲ,” ಎಂದೆ. “ಕೆಲಸ ಹೋಗುತ್ತೆ ಅಂತ ಭಯಕ್ಕೆ ಗೊತ್ತು ಅಂದೆ.”

ಹಾಗೆಂದರೇನು ಎಂದು ಫೋರ್ಮನ್ ಕೇಳಿದ. ಚೀಫ್ ನಕ್ಷೆ ಮಡಚುತ್ತ, ಎಷ್ಟು ಸೇರಿಸಬೇಕು ಎಂದು ನನ್ನನ್ನು ಕೇಳಿದರು. ನಾಲ್ಕು ಅಡಿ ಎಂದೆ. ಲೆಕ್ಕ ಎರಡೂವರೆ ಎನ್ನುತ್ತದಲ್ಲ ಎಂದರು. ಲೆಕ್ಕ ನನ್ನದು ಸರ್, ಅದಕ್ಕೇ ನಾಲ್ಕು ಎಂದೆ. ಅವರು ನಗಲಿಲ್ಲ. ಫೋರ್ಮನ್ ಕಡೆ ತಿರುಗಿದರು.

ಫೋರ್ಮನ್ ಬೈದ. ನನಗಲ್ಲ, ಹಿಮಕ್ಕೆ, ಶುಕ್ರವಾರಕ್ಕೆ, ಹಡಗಿಗೆ. ಬೈಯುತ್ತಲೇ ಅಂಗಳದ ಹಿಂದಕ್ಕೆ ಹೋಗಿ ಅದೇ ಕೊಳವೆಯ ಉಳಿದ ತುಂಡುಗಳು ಬಿದ್ದಿದ್ದಲ್ಲಿ ಟೇಪ್ ಹಿಡಿದ. ನಾಲ್ಕು ತುಂಡು ಸಿಕ್ಕವು. ಅಂಚುಗಳನ್ನು ಓರೆಗೆ ತಿಕ್ಕಿ, ಕಂಬದ ಒಳಗಿನಿಂದ ಒಂದು ಪಟ್ಟಿ ಆಧಾರ ಕೊಟ್ಟು, ಸುತ್ತಲೂ ಬೆಸೆಯಬೇಕು. ಬೆಸುಗೆ ಹೊರಗೆ ಉಬ್ಬಿರಬಾರದು, ಉಬ್ಬಿದರೆ ಬಳೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಆಮೇಲೆ ತಿಕ್ಕಿ ಸಮ ಮಾಡಬೇಕು. ಚಳಿಗೆ ಉಕ್ಕು ತಣ್ಣಗಿದ್ದರೆ ಬೆಸುಗೆ ಬಿರುಕು ಬಿಡುತ್ತದೆಂದು ಕಂಬದ ತುದಿಗಳನ್ನು ಮೊದಲು ಬೆಂಕಿಯಿಂದ ಕಾಯಿಸಿದರು. ಬುಧವಾರ ಎರಡು ಕಂಬ, ಗುರುವಾರ ಎರಡು. ಮೂರನೆಯದರ ಬೆಸುಗೆ ಪರೀಕ್ಷೆಯಲ್ಲಿ ಸೋತಿತು, ಒಳಗೆ ಗುಳ್ಳೆ. ಅದನ್ನು ಕೊರೆದು ತೆಗೆದು ಮತ್ತೆ ಬೆಸೆದರು. ಆ ಎರಡು ದಿನ ನಾನು ಅಂಗಳದಲ್ಲೇ ನಿಂತಿದ್ದೆ. ಯಾರೂ ನಿಲ್ಲು ಎಂದಿರಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಚೀಫ್ ನನ್ನೊಡನೆ ಅಳತೆಗಳನ್ನು ಬಿಟ್ಟು ಬೇರೆ ಮಾತಾಡಲಿಲ್ಲ. ಮೇಲಿನ ನಾಲ್ಕು ಅಡಿಗೆ ಕಪ್ಪು ಬಣ್ಣ ಬಳಿಯಲು ಹೊತ್ತು ಸಾಲದೆ ಪ್ರೈಮರಿನ ಕೆಂಪು ಅಡಿಬಣ್ಣ ಒಂದನ್ನೇ ಬಳಿದು, ಕಪ್ಪನ್ನು ಮಂಗಳೂರಿನವರು ಬಳಿದುಕೊಳ್ಳಲಿ ಎಂದು ಶುಕ್ರವಾರ ಹಡಗು ಹತ್ತಿಸಿದರು.

ಹಡಗು ಹೊರಟ ಮೇಲೆ ಚೀಫ್, ಮನೆಗೆ ಹೋಗು, ಸೋಮವಾರ ಬಾ ಎಂದರು. ಶನಿವಾರ, ಭಾನುವಾರ ನಾವಿಬ್ಬರೂ ಏನೇನು ಮಾರಬೇಕು, ಏನೇನು ಊರಿಗೆ ಒಯ್ಯಬೇಕು ಎಂದು ಮಾತಾಡಿಕೊಂಡೆವು. ಸೋಮವಾರ ಅವರು ನನ್ನನ್ನು ಕೂರಿಸಿ, ಒಂದು ಪತ್ರ ಓದಲು ಕೊಟ್ಟರು. ನನ್ನ ತಪ್ಪೆಲ್ಲ ಅದರಲ್ಲಿತ್ತು. ಅದರ ಕೆಳಗೆ, ಚಾರ್ಟ್ ಡೇಟಂ ಸಾಲನ್ನು ತಾವೂ ಓದದೆ ಸಹಿ ಮಾಡಿದ್ದಾಗಿ ಅವರ ತಪ್ಪೂ ಇತ್ತು. ಕೆಲಸ ಉಳಿಯಿತು. ಒಂದು ವರ್ಷ ಯಾವ ಚೌಕದಲ್ಲೂ ನನ್ನ ಇನಿಷಿಯಲ್ ಇರಕೂಡದು ಎಂದರು. ಹೊರಗೆ ಬಂದು ಬಾತ್‌ರೂಮಿನಲ್ಲಿ ಬಾಗಿಲು ಹಾಕಿಕೊಂಡು ಅತ್ತೆ. ನಾಚಿಕೆಯಿಂದ ಅಲ್ಲ, ಭಯ ಇಳಿದದ್ದಕ್ಕೆ.

ಭಯ ಪೂರ್ತಿ ಇಳಿದಿರಲಿಲ್ಲ ಎಂದು ಗೊತ್ತಾದದ್ದು ಮುಂದಿನ ಮಳೆಗಾಲದಲ್ಲಿ. ಕಾರ್ಖಾನೆಯವರು ಕಟ್ಟೆ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ಬರೆದು ಒಂದು ಬಣ್ಣದ ಫೋಟೋ ಕಳಿಸಿದ್ದರು. ಚೀಫ್ ಅದನ್ನು ನನ್ನ ಮೇಜಿನ ಮೇಲಿಟ್ಟು ಹೋದರು. ದೊಡ್ಡ ಉಬ್ಬರದ ದಿನ ತೆಗೆದದ್ದು. ಮೇಲೆ ಕಪ್ಪು ಮೋಡ, ಕೆಳಗೆ ಮಣ್ಣುಬಣ್ಣದ ನೀರು, ನಡುವೆ ನಮ್ಮ ಕಟ್ಟೆ. ಅವರು ಕಂಬದ ತುದಿಗೆ ಕಪ್ಪು ಬಳಿಯಲೇ ಇರಲಿಲ್ಲ. ಬಳೆ ಎಲ್ಲಿದೆ ಎಂದು ನೋಡಿದೆ. ಕಪ್ಪು, ಎಂದರೆ ಹಳೆಯ ಕಂಬ ಮುಗಿದು, ಕೆಂಪು ಶುರುವಾದ ಮೇಲೆ ಒಂದು ಗೇಣು ಏರಿ ನಿಂತಿತ್ತು.

ಭಾನುವಾರ ಆ ಫೋಟೋವನ್ನು ವೆಸ್ಟ್‌ಮಂಟಿನ ಡಾಕ್ಟರ ಮನೆಗೆ ಒಯ್ದು ಆ ನರ್ಸ್‌ಗೆ ತೋರಿಸಿದೆ. ನಡೆದದ್ದೆಲ್ಲ ಹೇಳಿ, ಕೆಂಪಿನ ಮೇಲೆ ಬೆರಳಿಟ್ಟೆ. ನಿಮ್ಮ ಒಂದು ಮಾತು ಈ ನಾಲ್ಕು ಅಡಿ ಎಂದೆ. ಅವರು ಕಂಬವನ್ನು ನೋಡಲೇ ಇಲ್ಲ. ಕಟ್ಟೆಯ ಅಂಚಿನಲ್ಲಿ, ತಲೆಗೆ ಒದ್ದೆ ರುಮಾಲು ಸುತ್ತಿ, ಒಬ್ಬರ ಹೆಗಲ ಮೇಲೆ ಒಬ್ಬರು ಕೈಯಿಟ್ಟು ಕ್ಯಾಮೆರಾಗೆ ನಗುತ್ತಿದ್ದವರನ್ನು ನೋಡಿದರು.

“ಇವರು ನಮ್ಮ ಬಂದರಿನವರಲ್ಲ ಮಾರಾಯ್ರೆ. ರುಮಾಲು ನೋಡಿ, ಬಿಜಾಪುರದ ಕಡೆಯವರು. ಹೊಸ ಬಂದರಿಗೆ ಮಣ್ಣು ಅಗೆಯಲಿಕ್ಕೆ ಬಂದವರು ಅಲ್ಲೇ ಉಳಿದದ್ದು. ನೀರು ಅಂದ್ರೆ ಎಂತ ಅಂತ ಗೊತ್ತಿಲ್ಲ ಇವರಿಗೆ. ಒಬ್ಬನಿಗೂ ಈಜಲಿಕ್ಕೆ ಬರುವುದಿಲ್ಲ.”

ನಾನು ಫೋಟೋ ವಾಪಸು ತೆಗೆದುಕೊಂಡು ಎಣಿಸಿದೆ. ಏಳು ಜನ.